ಮ್ಯೂರಿಯಲ್ ಬೆಂಚಿನ ದೂರು

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಎಂದಿನಂತೆ ಚಹಾದ ಫ್ಲಾಸ್ಕು ಹಿಡಿದು ಪುರಭವನದೆದುರಿನ ಚೌಕಕ್ಕೆ ಬಂದ ಕ್ಲಿಫರ್ಡ್ ಆಗ್ಡನ್‌ಗೆ, ತನ್ನ ಹೆಂಡತಿಯ ಹೆಸರಿನ ಮೇಲೆ ಒಂದು ಜೊತೆ ಬೂಟು ಕಂಡಿತು.

ಮ್ಯೂರಿಯಲ್ ತೀರಿಕೊಂಡು ಮೂರು ವರ್ಷವಾಗಿತ್ತು. ಬೂದಿಯನ್ನು ಸಮುದ್ರಕ್ಕೆ ಬಿಟ್ಟಿದ್ದರಿಂದ ಸಮಾಧಿ ಎಂಬುದಿರಲಿಲ್ಲ. ಅವಳ ನೆನಪಿಗೆ ಅವನು ಹಾಕಿಸಿದ್ದ ಬೆಂಚು ಮಾತ್ರ ಇತ್ತು. 'ಮ್ಯೂರಿಯಲ್ ಆಗ್ಡನ್. ಇಲ್ಲಿ ಕೂರುವುದೆಂದರೆ ಅವಳಿಗೆ ಇಷ್ಟ' ಎಂಬ ಹಿತ್ತಾಳೆಯ ಫಲಕದ ಪಕ್ಕ ದಿನಕ್ಕೊಂದು ಗಂಟೆ ಕೂತು ಚಹಾ ಕುಡಿಯುವುದು, ಅವನಿಗೆ ಉಳಿದಿದ್ದ ಸಂಸಾರ ಅಷ್ಟೇ.

ಬೂಟು ಚೌಕದ ಕುಡುಕ ಲೆನಿಯದು. ನೆನೆದ ಆಲೂಗಡ್ಡೆ ಮೂಟೆಯ ಹಾಗೆ ಅವನು ಬೆಂಚಿನುದ್ದಕ್ಕೂ ಬಿದ್ದುಕೊಂಡಿದ್ದ. ಕೆಳಗೆ ಖಾಲಿ ಬಾಟಲಿ.

"ಸ್ವಲ್ಪ ಕಾಲು ತೆಗೀತೀರಾ?"

ಲೆನಿ ಒಂದು ಕಣ್ಣು ತೆರೆದ. "ಕೂತ್ಕೋ ತಾತ, ಯಾರು ಬೇಡ ಅಂದ್ರು?" ಎಂದು ಕಾಲನ್ನು ಒಂದಿಂಚು ಸರಿಸಿ ಮತ್ತೆ ಗೊರಕೆ ಹೊಡೆದ. ಆ ಜಾಗದಲ್ಲಿ ಫ್ಲಾಸ್ಕು ಕೂರಬಹುದಿತ್ತು, ಕ್ಲಿಫರ್ಡ್ ಅಲ್ಲ.

ಸಂಗತಿ ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಬೇಕರಿಯ ಸಾಲಿನಲ್ಲಿ ಅವನ ಹಿಂದೆ ನಿಂತಿದ್ದವಳು ಮಿಸೆಸ್ ಟರ್ನ್‌ಬುಲ್. ಅವನು ಬಾಡಿಗೆಗಿದ್ದ ನಗರಸಭೆಯ ಕಟ್ಟಡದ ನಿವಾಸಿಗಳ ಸಂಘಕ್ಕೆ ಅವಳೇ ಅಧ್ಯಕ್ಷೆ. ಸಪ್ಪೆ ಮುಖ ನೋಡಿ ಕಾರಣ ಕೇಳಿದಳು, ಅವನು ಹೇಳಿಬಿಟ್ಟ.

"ಕಾಲಾ? ಮ್ಯೂರಿಯಲ್ ಮೇಲೆ ಕಾಲಾ?" ಬೇಕರಿಯವರೆಲ್ಲ ತಿರುಗಿ ನೋಡಿದರು.

"ಅಲ್ಲ, ಅವನು ಕಾಲು ಕೆಳಗಿಟ್ಟಿದ್ರೆ ಸಾಕಿತ್ತು..."

"ನೀವು ಸುಮ್ನಿರಿ ಮಿಸ್ಟರ್ ಆಗ್ಡನ್. ನಿಮ್ಮಂಥ ಮೆತ್ತಗಿನವರಿಂದ್ಲೇ ಈ ಚೌಕ ಹಾಳಾಗಿರೋದು."

ಚೌಕದ ಕುಡುಕರ ವಿರುದ್ಧ ಅವಳು ಬರೆದ ಮನವಿಗೆ ಮಧ್ಯಾಹ್ನದೊಳಗೆ ನಲವತ್ತು ಸಹಿ ಬಿದ್ದವು. ಹಲ್ಲಿನ ಡಾಕ್ಟರ ಬಳಿ ಕಾಯುತ್ತಿದ್ದವರನ್ನೂ ಅವಳು ಬಿಟ್ಟಿರಲಿಲ್ಲ. ದವಡೆ ಮರಗಟ್ಟಿದವರಿಗೆ ಬೇಡವೆನ್ನಲು ಬಾಯಿ ಬರಲಿಲ್ಲ. ಎರಡು ಗಂಟೆಗೆ ಕ್ಲಿಫರ್ಡ್‌ನನ್ನು ನಗರಸಭೆಯ ಕಚೇರಿಯಲ್ಲಿ ತಾಹಿರಾ ಎಂಬ ಅಧಿಕಾರಿಯ ಮುಂದೆ ಕೂರಿಸಿದಳು. ಚೌಕದಲ್ಲಿ ಪುಂಡಾಟ ಅಡಗಿಸಲು ಏನು ಮಾಡಿದಿರಿ ಎಂದು ತಾಹಿರಾಗೆ ಮೇಲಿನವರು ದಿನಾ ಕೇಳುತ್ತಿದ್ದರು. ಪಾಪ, ಅವಳು ಏನೂ ಮಾಡಿರಲಿಲ್ಲ.

"ಇಂಥದ್ದನ್ನ ಎಷ್ಟು ಸಲ ನೋಡಿದೀರಿ ಸರ್?"

ಕ್ಲಿಫರ್ಡ್ ನಲವತ್ತು ವರ್ಷ ಶಾಲೆಯ ರಸಾಯನಶಾಸ್ತ್ರದ ಪ್ರಯೋಗಾಲಯ ನೋಡಿಕೊಂಡವನು. 'ಸುಮಾರು' ಎಂಬ ಪದ ಅವನ ಬಾಯಲ್ಲಿ ಹೊರಡುತ್ತಿರಲಿಲ್ಲ. ಬೇರೆ ಕೆಲಸವಿಲ್ಲದೆ ಚೌಕದಲ್ಲಿ ಕಂಡದ್ದನ್ನೆಲ್ಲ ಬರೆದಿಡುತ್ತಿದ್ದ ಪುಸ್ತಕವನ್ನು ಜೇಬಿನಿಂದ ತೆಗೆದ. "ಈ ತಿಂಗಳು ನಲವತ್ತೊಂದು. ಕುಡಿತ, ಜಗಳ, ಗೋಡೆಗೆ ಉಚ್ಚೆ."

"ಎಲ್ಲೆಲ್ಲಿ?"

"ಮೂವತ್ತೆಂಟು ಬೆಂಚಿನಿಂದ ಎರಡು ಮೀಟರ್ ಒಳಗೆ."

ತಾಹಿರಾ ಪೆನ್ನು ಕೆಳಗಿಟ್ಟಳು. "ಅಂದ್ರೆ ಬೆಂಚು ಇಲ್ದೇ ಇದ್ರೆ..."

"ಆ ಪ್ರಯೋಗ ಯಾರೂ ಮಾಡಿಲ್ಲವಲ್ಲ," ಎಂದ ಕ್ಲಿಫರ್ಡ್, ಪ್ರಾಮಾಣಿಕವಾಗಿ.

"ಮಾಡೋಣ ಸರ್!"

ಮಿಸೆಸ್ ಟರ್ನ್‌ಬುಲ್ ಚಪ್ಪಾಳೆ ತಟ್ಟಿದಳು. ಕ್ಲಿಫರ್ಡ್ "ಅಲ್ಲ, ಅಲ್ಲ" ಎನ್ನುವಷ್ಟರಲ್ಲಿ ತಾಹಿರಾ ಫೋನೆತ್ತಿದ್ದಳು.

ಎರಡು ಚಳಿಗಾಲದಿಂದ ಒಂದು ರಸ್ತೆಗುಂಡಿಯನ್ನೂ ಮುಚ್ಚದಿದ್ದ ನಗರಸಭೆಯ ಲಾರಿ ನಾಲ್ಕು ಗಂಟೆಗೆಲ್ಲ ಚೌಕದಲ್ಲಿತ್ತು. ಕ್ಲಿಫರ್ಡ್ ಏದುಸಿರು ಬಿಡುತ್ತ ಬಂದಾಗ ಬೆಂಚಿನ ಕಾಲುಗಳಿಂದ ಕಿಡಿ ಹಾರುತ್ತಿತ್ತು.

"ನಿಲ್ಲಿಸಿ! ಅದು ನನ್ನ ಹೆಂಡ್ತಿ!"

"ಗಾಬರಿ ಆಗ್ಬೇಡಿ ಯಜಮಾನ್ರೇ, ಮೆತ್ತಗೇ ಎತ್ತುತ್ತೀವಿ," ಎಂದ ಕೆಲಸದವನು. "ತೆಗೆದ ಬೆಂಚನ್ನ ಕೊಟ್ಟವರಿಗೇ ವಾಪಸ್ ಕೊಡ್ಬೇಕು ಅಂತ ರೂಲ್ಸು. ಸಹಿ ಹಾಕಿ, ಲಾರಿ ಹತ್ತಿ. ಮನೆ ಮುಟ್ಟಿಸ್ತೀವಿ."

ಸಂಜೆಯ ದಟ್ಟಣೆಯಲ್ಲಿ ಲಾರಿ ನಡಿಗೆಯ ವೇಗದಲ್ಲಿ ಸಾಗಿತು. ಪಕ್ಕದ ಕನ್ನಡಿಯಲ್ಲಿ ಕ್ಲಿಫರ್ಡ್‌ಗೆ ಲೆನಿ ಕಂಡ, ಜೊತೆಗೆ ಇನ್ನಿಬ್ಬರು. ಮೂವರೂ ಟೋಪಿ ತೆಗೆದು, ತಲೆ ತಗ್ಗಿಸಿ, ಶವದ ಗಾಡಿಯ ಹಿಂದೆ ಬರುವವರ ಹಾಗೆ ನಡೆದು ಬರುತ್ತಿದ್ದರು. ಮ್ಯೂರಿಯಲ್‌ಳ ನಿಜವಾದ ಶವಸಂಸ್ಕಾರಕ್ಕೂ ಅಷ್ಟು ಜನ ಬಂದಿರಲಿಲ್ಲ.

ಅವನ ಮನೆ ನಾಲ್ಕನೇ ಮಹಡಿಯಲ್ಲಿ, ಲಿಫ್ಟಿನಲ್ಲಿ ಬೆಂಚು ಹಿಡಿಸಲಿಲ್ಲ. ಕಟ್ಟಡದ ಬಾಗಿಲ ಪಕ್ಕ ಅವನ ಕಿಟಕಿಯ ಕೆಳಗೇ ಇಳಿಸಿ ಲಾರಿ ಹೊರಟುಹೋಯಿತು. ಹೋಗಲಿ, ಇನ್ನು ಮುಂದೆ ಅವಳು ಮನೆ ಹತ್ತಿರವೇ ಇರುತ್ತಾಳಲ್ಲ ಎನ್ನಿಸಿ ಕ್ಲಿಫರ್ಡ್‌ಗೆ ಮೂರು ವರ್ಷದಲ್ಲಿ ಮೊದಲ ಸಲ ಎದೆ ಹಗುರಾಯಿತು. ಮೇಲೆ ಹೋಗಿ ಹೊಸದಾಗಿ ಚಹಾ ಕುದಿಸಿ, ಫ್ಲಾಸ್ಕಿಗೆ ತುಂಬಿಸಿ ಬಾಗಿಲು ತೆರೆದ.

ಹೊಸ್ತಿಲಲ್ಲಿ ಮಿಸೆಸ್ ಟರ್ನ್‌ಬುಲ್ ನಿಂತಿದ್ದಳು. ಕೈಯಲ್ಲಿ ಹೊಸ ಮನವಿ: 'ಬಾಗಿಲಲ್ಲಿ ಬೆಂಚು ಹಾಕಿ ಕುಡುಕರನ್ನು ಸೇರಿಸುತ್ತಿರುವ ಬಾಡಿಗೆದಾರನನ್ನು ಕೂಡಲೇ ಖಾಲಿ ಮಾಡಿಸಬೇಕು.' ಕೆಳಗೆ ಕಟ್ಟಡದವರೆಲ್ಲರ ಸಹಿ.

"ಬೇಜಾರು ಮಾಡ್ಕೋಬೇಡಿ. ನಿಮ್ಮ ಮೇಲೆ ನನಗೇನೂ ದ್ವೇಷ ಇಲ್ಲ," ಎಂದಳು. "ತಾಹಿರಾಗೆ ಫೋನ್ ಮಾಡಿದ್ದೆ. ಇದನ್ನೂ ಬೇಗ ಮಾಡ್ಕೊಡ್ತೀನಿ ಅಂದ್ಲು, ಒಳ್ಳೆ ಹುಡುಗಿ."

ಕ್ಲಿಫರ್ಡ್ ಫ್ಲಾಸ್ಕು ಹಿಡಿದು ಮೆಟ್ಟಿಲಿಳಿದ. ಬೆಂಚಿನ ಮೇಲೆ ಲೆನಿಯೂ ಅವನ ಗೆಳೆಯರೂ ಒತ್ತೊತ್ತಾಗಿ ಕೂತಿದ್ದರು. ಲೆನಿ ಫಲಕದ ಕಡೆ ನೋಡಿ, ಕ್ಲಿಫರ್ಡ್‌ನ ಕಡೆ ನೋಡಿ, ಗಂಟಲು ಸರಿಮಾಡಿಕೊಂಡ.

"ನಿನ್ನ ಹೆಂಡ್ತಿ ಅಂತ ಗೊತ್ತಿರ್ಲಿಲ್ಲ ತಾತ. ಬಾ, ಕೂತ್ಕೋ." ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. "ಛೆ, ಇವತ್ತು ಭರ್ತಿ. ನಾಳೆ ಸ್ವಲ್ಪ ಬೇಗ ಬಾ."