ಅನಗತ್ಯ ನೌಕರನ ಹೆಂಡತಿಯ ಸಂದರ್ಶನ

ನಾನು ಏಳನೆಯ ತರಗತಿಯಲ್ಲಿದ್ದಾಗ ಟಿ.ವಿ.ಯಲ್ಲಿ ಒಬ್ಬರು ಸಾವಿನ ಸುದ್ದಿ ಹೇಳುವ ಮುಖ ಮಾಡಿಕೊಂಡು, ಇಂದಿನಿಂದ ಸರ್ಕಾರ ಬಂದ್ ಎಂದರು. ಅಮೆರಿಕದ ಸಂಸತ್ತಿನಲ್ಲಿ ದೊಡ್ಡವರು ಖರ್ಚಿನ ಮಸೂದೆಗೆ ಒಪ್ಪದೆ ಮುನಿಸಿಕೊಂಡಿದ್ದರಂತೆ. ನನಗೆ ಹೊಳೆದದ್ದು ಇಷ್ಟೇ: ನಮ್ಮದು ಸರ್ಕಾರಿ ಶಾಲೆ, ಸರ್ಕಾರವೇ ಬಂದ್ ಆದ ಮೇಲೆ ಶಾಲೆ ಎಲ್ಲಿಂದ ಬರಬೇಕು? ಮರುದಿನ ಚೀಲ ಹೆಗಲಿಗೇರಿಸಿ ಹೊರಟವನು ಬಾಲ್ಟಿಮೋರ್ ಬಂದರಿನ ಕಟ್ಟೆಯ ಮೇಲೆ ಕುಳಿತು ಸಂಜೆಯವರೆಗೆ ಹಡಗು ನೋಡಿದೆ. ಅಮ್ಮ ಕಿವಿ ಹಿಡಿದು ಎಳೆದುಕೊಂಡು ಹೋಗುತ್ತ, "ಬಾಗಿಲು ಹಾಕಿರೋದು ವಾಷಿಂಗ್ಟನ್ನಿನೋರು ಕಣೋ. ಶಾಲೆ ನಡೆಸೋದು ನಮ್ಮೂರಿನೋರು" ಎಂದು ರಾಜ್ಯಶಾಸ್ತ್ರ ಬೋಧಿಸಿದಳು. ಸರ್ಕಾರವೆಂಬುದು ಒಂದೇ ಬಾಗಿಲಿನ ಅಂಗಡಿಯಲ್ಲ ಎಂಬ ಆ ಪಾಠ ನನ್ನ ಕಿವಿಯವರೆಗೆ ಬಂದು ಅಲ್ಲೇ ನಿಂತುಹೋಯಿತು.

ಈಗ ನಾನೇ ಆ ವಾಷಿಂಗ್ಟನ್ನಿನವರ ನೌಕರ. ಹಿಂದೊಮ್ಮೆ ಹಡಗುಗಳಿಗೆ ದಾರಿ ತೋರುತ್ತಿದ್ದ ಹಳೆಯ ದೀಪಸ್ತಂಭವೊಂದರ ವಸ್ತುಸಂಗ್ರಹಾಲಯದಲ್ಲಿ ಬಂದವರನ್ನು ಮೆಟ್ಟಿಲು ಹತ್ತಿಸಿ, ಸುಸ್ತಾದವರನ್ನು ಇಳಿಸುವ ಕೆಲಸ. ಈ ವರ್ಷ ಸರ್ಕಾರ ಮತ್ತೆ ಬಂದ್ ಆಯಿತು. ನಮ್ಮ ಮೇಲಧಿಕಾರಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಇಬ್ಭಾಗ ಮಾಡಿದರು. ಅತ್ಯಗತ್ಯ ನೌಕರರು ಸಂಬಳವಿಲ್ಲದೆ ಕೆಲಸ ಮಾಡತಕ್ಕದ್ದು. ಅನಗತ್ಯ ನೌಕರರು ಸಂಬಳವಿಲ್ಲದೆ ಮನೆಯಲ್ಲಿರತಕ್ಕದ್ದು. ಕಾವಲುಗಾರ ಅತ್ಯಗತ್ಯನಾದ. ನಾನು ಅನಗತ್ಯನಾದೆ. (ಇಲಿ ಹಿಡಿಯುವ ಬೆಕ್ಕಿನ ಬಗ್ಗೆ ಆದೇಶವೇನೂ ಬರಲಿಲ್ಲ. ಅದು ತನ್ನ ವಿವೇಚನೆಯ ಮೇರೆಗೆ ಕರ್ತವ್ಯದಲ್ಲಿ ಮುಂದುವರಿಯಿತು.) ಇಂಥ ದಿನಗಳಲ್ಲಿ ಅನಗತ್ಯ ನೌಕರ ಬಿಟ್ಟಿಯಾಗಿ ಕೆಲಸ ಮಾಡುವುದೂ ಕಾನೂನುಬಾಹಿರ ಎಂದು ಮೇಲಧಿಕಾರಿ ಎಚ್ಚರಿಸಿದರು. ನಾನು ಕಾನೂನನ್ನು ಗೌರವಿಸುವ ಪ್ರಜೆ. ಮನೆಗೆ ಬಂದು ಸೋಫಾದ ಮೇಲೆ ಮಲಗಿದೆ. ಸರ್ಕಾರ ಬಾಗಿಲು ತೆರೆಯುವವರೆಗೆ ಗಡ್ಡ ಬೋಳಿಸುವುದಿಲ್ಲ ಎಂಬ ಭೀಷ್ಮಪ್ರತಿಜ್ಞೆಯನ್ನೂ ಮಾಡಿದೆ.

"ಎಮೆಟ್, ಆ ಪಾತ್ರೆ ತೊಳೆದಿಡು" ಎಂದಳು ನನ್ನ ಹೆಂಡತಿ ಲಿಗಾಯಾ.

"ಬಿಟ್ಟಿ ಕೆಲಸ ಮಾಡೋ ಹಾಗಿಲ್ಲ. ಕಾನೂನು."

"ಅದು ದೀಪಸ್ತಂಭದಲ್ಲಿ."

"ಕಾನೂನಿನ ಆಶಯ ನೋಡ್ಬೇಕು."

"ಹಾಗಾದ್ರೆ ನಾನ್ಯಾಕೆ ಮಾಡ್ಬೇಕು?"

"ನೀನು ಅತ್ಯಗತ್ಯ ನೌಕರಳು. ಸಂಬಳ ಇಲ್ದಿದ್ರೂ ಮಾಡ್ಲೇಬೇಕು."

ಅವಳು ತೋಳೇರಿಸಿಕೊಂಡು ನಲ್ಲಿ ತಿರುಗಿಸಿದಳು. "ಮದುವೆ ಆದಾಗಿಂದ ಹಾಗೇ ನಡೀತಿದೆ. ನಿಮ್ಮ ಸರ್ಕಾರಕ್ಕೆ ಇವತ್ತು ಗೊತ್ತಾಯ್ತು."

ಲಿಗಾಯಾ ಫಿಲಿಪ್ಪೀನ್ಸಿನ ಇಲೋಯಿಲೋ ಕಡೆಯವಳು. ಇಲ್ಲಿ ಒಂದು ವೃದ್ಧಾಶ್ರಮದಲ್ಲಿ ಹಾಸಿಗೆ ಹಿಡಿದವರ ಆರೈಕೆ ಮಾಡುತ್ತಾಳೆ. ಅವಳಿಗೆ ಇಲ್ಲೇ ನೆಲೆಸುವ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ್ದೆವು. ಆ ಗುರುವಾರ ವಲಸೆ ಕಚೇರಿಯಲ್ಲಿ ನಮ್ಮಿಬ್ಬರ ಸಂದರ್ಶನವಿತ್ತು. ಅವಳ ತಾಯಿಗೆ ಊರಿನಲ್ಲಿ ಹೃದಯದ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಕಾರ್ಡ್ ಇಲ್ಲದೆ ಹೋದರೆ ಇವಳು ತಿರುಗಿ ಬರುವಂತಿಲ್ಲ. ಸಂದರ್ಶನ ತಪ್ಪಿಸಿದರೆ ಅರ್ಜಿಯೇ ಬಿದ್ದುಹೋಗುತ್ತದೆ. ಅವಳು ದಿನವೂ ಫೋನಿನಲ್ಲಿ ತಾಯಿಯ ಮುಖ ನೋಡುತ್ತ, "ಬರ್ತೀನಮ್ಮ, ಬರ್ತೀನಿ" ಎನ್ನುತ್ತಿದ್ದಳು. ಯಾವಾಗ ಎಂದು ಆ ತಾಯಿ ಕೇಳುವುದನ್ನು ಬಿಟ್ಟಿದ್ದರು.

ಬುಧವಾರ ಅವಳು ಸೀರೆಪೆಟ್ಟಿಗೆಯಂಥ ದೊಡ್ಡ ಡಬ್ಬದಿಂದ ನಮ್ಮ ಮದುವೆಯ ಫೋಟೋ ಆರಿಸುತ್ತಿದ್ದಾಗ ನಾನು ಮಲಗಿದಲ್ಲಿಂದಲೇ ತಜ್ಞಾಭಿಪ್ರಾಯ ನೀಡಿದೆ.

"ಸುಮ್ನೆ ಯಾಕೆ ಕಷ್ಟಪಡ್ತೀಯ? ಸರ್ಕಾರ ಬಂದ್. ಕಚೇರಿಗೆ ಬೀಗ ಹಾಕಿರ್ತಾರೆ."

"ಯಾರು ಹೇಳಿದ್ರು?"

"ನಾನೇ ಸರ್ಕಾರಿ ನೌಕರ. ಇನ್ಯಾರು ಹೇಳ್ಬೇಕು? ಹಿಂದಿನ ಸಲ ಬಂದ್ ಆದಾಗ ನಮ್ಮ ಕಾವಲುಗಾರನ ಭಾವಮೈದುನನಿಗೆ ವಲಸೆ ನ್ಯಾಯಾಲಯದ ವಿಚಾರಣೆ ಮುಂದಕ್ಕೆ ಹೋಗಿದ್ದು ಹೋಗಿದ್ದೇ. ನಿಮ್ಮ ಆಶ್ರಮಕ್ಕೆ ಬರಬೇಕಾದ ನರ್ಸಿನ ವೀಸಾ ಏನಾಯ್ತು?"

"ಕಾರ್ಮಿಕ ಇಲಾಖೆಯಲ್ಲಿ ನಿಂತಿದೆ."

"ನೋಡಿದ್ಯಾ?"

ಅವಳ ಕೈಯಲ್ಲಿದ್ದ ಫೋಟೋ ಡಬ್ಬಕ್ಕೆ ಹಿಂತಿರುಗಿತು. ಆಗ ಅವಳ ಮುಖ ನೋಡಿ, ವಾದ ಗೆದ್ದ ನಾನು ಯಾಕೋ ಗೋಡೆಯ ಕಡೆ ಮಗ್ಗುಲಾದೆ.

ನಮ್ಮ ಜೊತೆಯಲ್ಲೇ ಇರುವ ನನ್ನಮ್ಮ ವರ್ನಾ, ಬಟ್ಟೆ ಮಡಚುತ್ತ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. "ಮಗಳೇ, ನೀನು ಹೋಗು. ಬರಬೇಡಿ ಅಂತ ಅವರು ಹೇಳೋವರೆಗೂ ಬಾ ಅಂದಹಾಗೇ ಲೆಕ್ಕ. ಇವನ ಇಂಥದ್ದೇ ಬುದ್ಧಿವಂತಿಕೆಯಿಂದ ನಾನು ಒಂದ್ಸಲ ಬಂದರೆಲ್ಲ ಹುಡುಕಿದ್ದೀನಿ."

"ಹೋಗ್ತೀನಮ್ಮ" ಎಂದಳು ಲಿಗಾಯಾ. ನನ್ನ ಕಡೆ ತಿರುಗಲಿಲ್ಲ.

ಬೀಗದ ಮುಂದೆ ಹೆಂಡತಿ ಒಬ್ಬಳೇ ನಿಲ್ಲಬಾರದೆಂಬ ಔದಾರ್ಯದಿಂದ ಗುರುವಾರ ನಾನೂ ಹೊರಟೆ. ಅವಳು ನೀಲಿ ಉಡುಪು ಧರಿಸಿ, ತಾಯಿ ಕೊಟ್ಟ ಮುತ್ತಿನ ಓಲೆ ಇಟ್ಟುಕೊಂಡಿದ್ದಳು. ನಾನು ಬೀಗ ನೋಡಲು ಎಷ್ಟು ಬೇಕೋ ಅಷ್ಟು ಅಲಂಕಾರ ಮಾಡಿಕೊಂಡಿದ್ದೆ: ಮಂಡಿಯಲ್ಲಿ ಜೋಲುವ ಪೈಜಾಮ, ದೀಪಸ್ತಂಭದ ಚಿತ್ರವಿರುವ ಬನಿಯನ್, ಕಾಲಿಗೆ ಬಚ್ಚಲಿಗೆ ಹಾಕುವ ರಬ್ಬರ್ ಚಪ್ಪಲಿ.

"ಬಟ್ಟೆ ಬದಲಾಯಿಸು" ಎಂದು ಅವಳು ಕಾರಿನ ಹತ್ತಿರ ಒಂದೇ ಸಲ ಹೇಳಿದಳು.

"ಬೀಗ ನನ್ನನ್ನ ನೋಡಿ ನಾಚ್ಕೊಳಲ್ಲ ಬಿಡು."

ಕಚೇರಿಯ ಬಾಗಿಲು ತೆರೆದಿತ್ತು. ಬರೀ ತೆರೆದಿರಲಿಲ್ಲ; ಹೊರಗಿನವರೆಗೆ ಸಾಲು ಬೆಳೆದಿತ್ತು. ಬಾಗಿಲಲ್ಲಿದ್ದ ಪಹರೆಯವನನ್ನು ಪಕ್ಕಕ್ಕೆ ಕರೆದು, ಇದು ಹೇಗೆ ಸಾಧ್ಯವೆಂದು ಸಹೋದ್ಯೋಗಿಯ ಸಲಿಗೆಯಲ್ಲಿ ವಿಚಾರಿಸಿದೆ.

"ಅರ್ಜಿ ಹಾಕೋರು ಕಟ್ಟೋ ಶುಲ್ಕದಲ್ಲೇ ಈ ಕಚೇರಿ ನಡೆಯೋದು. ಸಂಸತ್ತು ಕಿತ್ತಾಡಿದ್ರೆ ನಮಗೇನು?" ಎಂದು ಅವನು ನನ್ನ ಚಪ್ಪಲಿಯನ್ನು ತಪಾಸಣೆಯ ಯಂತ್ರದೊಳಗೆ ಕಳುಹಿಸಿದ.

ಅಂದರೆ ಇನ್ನೂ ಈ ದೇಶದಲ್ಲಿ ಗಟ್ಟಿಯಾಗಿ ಕಾಲೂರದ ನನ್ನ ಹೆಂಡತಿ, ಮುದುಕರ ಬೆನ್ನು ತಿಕ್ಕಿ ಗಳಿಸಿದ ದುಡ್ಡಿನಿಂದ ಸರ್ಕಾರದ ಒಂದು ಅಂಗವನ್ನು ಓಡಿಸುತ್ತಿದ್ದಳು. ಇಲ್ಲೇ ಹುಟ್ಟಿದ ನಾನು ಅದೇ ಸರ್ಕಾರದ ಉದುರಿಹೋದ ಅಂಗವಾಗಿದ್ದೆ.

ಒಳಗೆ ನಮ್ಮನ್ನು ಕರೆದ ಅಧಿಕಾರಿಣಿ ಐವತ್ತರ ಆಸುಪಾಸಿನವರು. ನಗುವುದಕ್ಕೆ ಮೇಲಿನಿಂದ ಮಂಜೂರಾತಿ ಬರಬೇಕೆನ್ನುವಂಥ ಮುಖ. ಮೊದಲು ಬಲಗೈ ಎತ್ತಿಸಿ ಸತ್ಯವನ್ನೇ ಹೇಳುತ್ತೇವೆಂದು ಪ್ರಮಾಣ ಮಾಡಿಸಿದರು. ಕೈ ಎತ್ತಿದಾಗ ಬನಿಯನ್ ಕೂಡ ಎದ್ದಿತು. ಅವರು ಮದುವೆಯ ಫೋಟೋ ನೋಡಿದರು. ನುಣ್ಣನೆಯ ಗಲ್ಲದ, ಕೋಟು ತೊಟ್ಟ ವರನಿದ್ದ. ನನ್ನನ್ನು ನೋಡಿದರು. ಮತ್ತೆ ಫೋಟೋ ನೋಡಿದರು.

"ಇವರು ಬಂದಿಲ್ವಾ?" ಎಂದರು.

"ಇವನೇ ಮೇಡಂ ಅವನು" ಎಂದಳು ಲಿಗಾಯಾ.

ಸುಳ್ಳು ಮದುವೆಗಳನ್ನು ಹಿಡಿಯುವುದೇ ಆ ಅಧಿಕಾರಿಣಿಯ ಕೆಲಸ. ಸಾಮಾನ್ಯವಾಗಿ ಅವರಿಗೆ ಪರದೇಶದವರ ಮೇಲೆ ಅನುಮಾನವಂತೆ. ಇಲ್ಲಿ ಪರದೇಶದವಳು ಎಲ್ಲಕ್ಕೂ ನೆಟ್ಟಗೆ ಉತ್ತರ ಕೊಟ್ಟಳು, ಸ್ವದೇಶಿ ಗಂಡ ಬೆವೆತ. ಅವಳ ತಾಯಿಯ ಪೂರ್ತಿ ಹೆಸರು ಕೇಳಿದರೆ ನನಗೆ ಅರ್ಧ ಮಾತ್ರ ಬಂತು. ಲಿಗಾಯಾ ಮೇಜಿನ ಕೆಳಗೆ ತನ್ನ ಬೆರಳುಗಳನ್ನು ಒಂದಕ್ಕೊಂದು ಹೆಣೆದುಕೊಂಡು ಬಿಗಿ ಹಿಡಿದಿದ್ದಳು. ಉಗುರಿನ ಸುತ್ತ ಬಿಳುಪೇರಿತ್ತು. ಜೀವನದಲ್ಲಿ ಮೊದಲ ಬಾರಿಗೆ ನನ್ನ ಚಪ್ಪಲಿಯ ಬಗ್ಗೆ ನನಗೆ ಭಯವಾಯಿತು.

"ಹೆಂಡತೀನ ಸಾಕ್ತೀನಿ, ಸರ್ಕಾರಕ್ಕೆ ಹೊರೆ ಆಗೋಕೆ ಬಿಡಲ್ಲ ಅಂತ ನೀವು ಸಹಿ ಮಾಡಿದ್ದೀರಿ" ಎಂದರು ಅವರು ನನಗೆ.

"ಹೌದು ಮೇಡಂ."

"ಈಗ ಏನು ಕೆಲಸ ಮಾಡ್ತಿದ್ದೀರಿ?"

"ಸರ್ಕಾರಿ ನೌಕರ ಮೇಡಂ. ಸದ್ಯಕ್ಕೆ ಅನಗತ್ಯ."

ಅವರು ಲೇಖನಿ ಕೆಳಗಿಟ್ಟು ಲಿಗಾಯಾ ಕಡೆ ತಿರುಗಿದರು. "ಮನೆ ನಡೆಸ್ತಿರೋದು ಯಾರು?"

"ನಾನು."

"ಅಡುಗೆ?"

"ನಾನು. ಭಾನುವಾರ ಅತ್ತೆ."

"ಇವರು?"

ಲಿಗಾಯಾ ಪ್ರಾಮಾಣಿಕವಾಗಿ ಯೋಚಿಸಿದಳು. "ಗಡ್ಡ ಬಿಡ್ತಿದ್ದಾನೆ" ಎಂದಳು.

ಅರ್ಜಿ ಮಂಜೂರಾಯಿತು ಎಂದು ಇಲ್ಲೇ ಹೇಳಿಬಿಡುತ್ತೇನೆ. ಜನರನ್ನು ಕಾಯಿಸುವುದಕ್ಕೆ ನಾನೇನು ಸರ್ಕಾರವಲ್ಲ. ಶಸ್ತ್ರಚಿಕಿತ್ಸೆಯ ಹೊತ್ತಿಗೆ ಅವಳು ತಾಯಿಯ ಮಂಚದ ಪಕ್ಕದಲ್ಲಿದ್ದಳು, ಇಲ್ಲಿ ನಾನು ಅಮ್ಮನ ಮೇಲ್ವಿಚಾರಣೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಆದರೆ ಮಂಜೂರಾದದ್ದು ನನ್ನ ಸಹಿಯಿಂದಲ್ಲ, ಫೋಟೋಗಳಿಂದಲೂ ಅಲ್ಲ ಎಂದು ನನಗೆ ಇವತ್ತಿಗೂ ಅನಿಸುತ್ತದೆ. ಅಧಿಕಾರಿಣಿ ಕನ್ನಡಕ ತೆಗೆದು, ಕಚೇರಿಯ ಪ್ರಶ್ನೆಯೋ ಸ್ವಂತದ್ದೋ ತಿಳಿಯದ ದನಿಯಲ್ಲಿ ಕೊನೆಯದಾಗಿ ಒಂದು ಕೇಳಿದ್ದರು.

"ಹೀಗಿದ್ರೂ ಇವರ ಜೊತೆ ಯಾಕಮ್ಮ ಇದ್ದೀರಿ?"

ಲಿಗಾಯಾ ನನ್ನನ್ನು ಚಪ್ಪಲಿಯಿಂದ ಗಡ್ಡದವರೆಗೆ ನೋಡಿದಳು.

"ನನ್ನನ್ನಾದ್ರೆ ನೀವು ವಾಪಸ್ ಕಳಿಸಬಹುದು ಮೇಡಂ. ಇವನು ಹುಟ್ಟಿದ್ದೇ ಇಲ್ಲಿ, ಇವನನ್ನ ಎಲ್ಲಿಗೆ ಕಳಿಸ್ಲಿ? ಯಾರಾದ್ರೂ ಒಬ್ರು ಇಟ್ಕೋಬೇಕಲ್ಲ."