ಸಿ ಮತ್ತು ಡಿ ನಡುವಿನ ಗೋಡೆ

ಭೌತಶಾಸ್ತ್ರದ ಪದವೀಧರನಿಗೆ ಹಾರ್ಡ್ ಡಿಸ್ಕಿನ ಗೋಡೆಯೊಂದು ಯಾವ ಲೆಕ್ಕ? ಈ ಭಾನುವಾರ ಕೆಡವಿಯೇ ಸಿದ್ಧ ಎಂದು ಘೋಷಿಸಿದೆ. ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ನರ್ಸ್ ಆಗಿರುವ ಹೆಂಡತಿಗೆ ದೂರದ ಊರಿನ ಆಸ್ಪತ್ರೆಗೆ ವರ್ಗವಾಗಿತ್ತು.

ನಾನು ಕೊಂಡ ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನಲ್ಲಿ ಹಳೆಯ ಮಾಲೀಕರು ಒಂದೇ ಡಿಸ್ಕನ್ನು ಸಿ, ಡಿ ಎಂದು ಪಾಲು ಮಾಡಿದ್ದರು. ಸಿ ಕಿಷ್ಕಿಂಧೆ, ಡಿ ಬಟಾಬಯಲು! ಸಿ ತುಂಬಿ ತುಳುಕಿ, ವಿಡಿಯೋ ಕರೆಯಲ್ಲಿ ಹೆಂಡತಿಯ ಮುಖ ಅರ್ಧ ನಗುವಿನಲ್ಲೇ ಕಲ್ಲಾಗುತ್ತಿತ್ತು. ಉಳಿದರ್ಧ ನಗು ನೋಡುವ ಆಸೆಯೇ ಈ ಸಾಹಸಕ್ಕೆ ಮೂಲ.

ಡಿಯಲ್ಲಿದ್ದದ್ದು ಒಂದೇ ಫೋಲ್ಡರ್: ಹೊರಡುವ ಮುನ್ನ ಅವಳು ರೆಕಾರ್ಡ್ ಮಾಡಿಟ್ಟ ಗೃಹೋಪದೇಶ. "ಹಾಲಿಟ್ಟು ಪೇಪರ್ ಹಿಡಿದು ಕೂರಬೇಡಿ. ಕೂತ್ರಾ? ಏಳಿ!" ಸಂಜೆ ಬೀಗ ತೆಗೆದು ಒಳಬಂದರೆ ದೀಪಕ್ಕಿಂತ ಮೊದಲು ಅದನ್ನೇ ಹಾಕುತ್ತಿದ್ದೆ. ಬೈಗುಳವಾದರೂ ಸರಿ, ಮನೆಯಲ್ಲಿ ಅವಳ ದನಿ ಇರಬೇಕು.

ಪಕ್ಕದ ಡಿಯನ್ನು ಅಳಿಸಿದರೆ ಆ ಜಾಗವನ್ನು ಸಿಗೆ ಸೇರಿಸಬಹುದು. ಅದಕ್ಕೂ ಮುನ್ನ ಒಳಗಿರುವುದನ್ನು ಬೇರೆಡೆ ನಕಲು ಮಾಡಿಕೊಳ್ಳಬೇಕು. ಫೋಲ್ಡರನ್ನು ಮೌಸಿನ ಬಲಗುಂಡಿಯಲ್ಲಿ ಹಿಡಿದು ಪೆನ್ ಡ್ರೈವ್‌ಗೆ ಎಳೆದೆ. ಏನೇನೋ ಆಯ್ಕೆ ಕೇಳಿತು, ಒಂದನ್ನು ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂದುಬಿಟ್ಟಿತು! ಮೂಲೆಯಲ್ಲೊಂದು ಪುಟ್ಟ ಬಾಣ. ಕ್ಷೇಮವಾಗಿ ತಲುಪಿದ್ದಕ್ಕೆ ಮೊಹರು ಎಂದುಕೊಂಡೆ.

"ಖಂಡಿತ ಅಳಿಸಬೇಕೇ?" ಎಂದಿತು ಕಂಪ್ಯೂಟರ್.

"ಖಂಡಿತ!"

ಗೋಡೆ ಬಿತ್ತು. ಸಿ ವಿಶಾಲವಾಯಿತು. ವಿಜಯೋತ್ಸವಕ್ಕೆ ಅವಳ ದನಿ ಕೇಳೋಣವೆಂದು ಪೆನ್ ಡ್ರೈವ್ ತೆರೆದರೆ, ಫೋಲ್ಡರ್ ಇಲ್ಲ! ನಾನು ಕಾಪಾಡಿದ್ದು ಬರೀ ಶಾರ್ಟ್‌ಕಟ್ಟನ್ನು, ಫೋಲ್ಡರ್ ಡಿಯಲ್ಲಿದೆ ಎಂದು ತೋರಿಸುವ ಬಾಣವನ್ನು. ಮನೆ ಕೆಡವಿ ವಿಳಾಸದ ಚೀಟಿಯನ್ನು ಭದ್ರಪಡಿಸಿದ್ದೆ! ಬಾಣ ನೇರ ಎದೆಗೇ ನಾಟಿತು.

ವಿಡಿಯೋ ಕರೆ ಮಾಡಿದೆ. ಚಿತ್ರ ಮಾತ್ರ ಕನ್ನಡಿಯಷ್ಟು ಸ್ಪಷ್ಟ.

"ಏನ್ರೀ, ಮುಖ ಯಾಕೆ ಹಾಗಿದೆ?"

"ನಿನ್ನ ರೆಕಾರ್ಡಿಂಗೆಲ್ಲ ಅಳಿಸಿಹೋಯ್ತು ಕಣೇ."

"ಅಷ್ಟೇನಾ! ಅದನ್ನ ಯಾರು ಕೇಳ್ತಿದ್ರು?"

"ನಾನು. ದಿನಾ ಸಂಜೆ."

ಅವಳು ನನ್ನನ್ನೇ ದಿಟ್ಟಿಸಿದಳು. ಮತ್ತೆ ಕಲ್ಲಾದಳೇನೋ ಎಂದು ಹೆದರಿದೆ. ಇಲ್ಲ, ರೆಪ್ಪೆ ಆಡುತ್ತಿತ್ತು.

"ಒಲೆ ಒರೆಸೋದು ಹೇಗೆ ಅಂತ ಹೇಳಿದ್ನಲ್ಲ, ಅದನ್ನೂ?"

"ಅದನ್ನೇ ಜಾಸ್ತಿ. ಅದರ ಕೊನೇಲಿ ನೀನು ನಗ್ತೀಯ."

"ದಿನಾ ಕೇಳಿದ್ರೆ, ನಿಮ್ಮ ಬೆನ್ನ ಹಿಂದೆ ಕಾಣೋ ಆ ಒಲೆ ಯಾಕ್ರೀ ಹಾಗಿದೆ?"

ಸ್ಪಷ್ಟತೆಯ ಫಲ!

"ಬಟ್ಟೆ ತಗೊಳ್ಳಿ. ಮೊದಲಿಂದ ಹೇಳ್ತೀನಿ," ಎಂದಳು.

ಹೇಳುತ್ತಾ ಹೋದಳು, ಒರೆಸುತ್ತಾ ಹೋದೆ. ಒಲೆ ಯಾವಾಗಲೋ ಫಳಫಳ ಹೊಳೆಯಿತು. ಒರೆಸುವುದು ಮುಗಿದರೆ ಮಾತೂ ಮುಗಿಯುತ್ತದಲ್ಲ, ಉಜ್ಜುತ್ತಲೇ ಇದ್ದೆ.

"ಸಾಕು ಬಿಡ್ರೀ," ಎಂದಳು ಕೊನೆಗೆ, ಇಡೀ ನಗು ನಗುತ್ತಾ, "ಒಲೆ ಸವೆದುಹೋಗುತ್ತೆ. ನಾನು ಫೋನ್ ಇಡಲ್ಲ!"