ತಕ್ಕಡಿ ಸಾಹೇಬರ ಜೋಡಿ ಸ್ಪೀಕರು

ಕಚೇರಿಯಲ್ಲಿ ಫೋನನ್ನು ಲೌಡ್‌ಸ್ಪೀಕರಿಗೆ ಹಾಕಬಾರದು ಎಂಬ ಬುದ್ಧಿ ತಕ್ಕಡಿ ಸಾಹೇಬರಿಗೆ ಬರುವಷ್ಟರಲ್ಲಿ ಕಾಲ ಮಿಂಚಿತ್ತು.

ಅವರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ಪೇಟೆಗೆ ಕಾಲಿಟ್ಟರೆಂದರೆ ಅಂಗಡಿಯವರು ತಕ್ಕಡಿ ತಟ್ಟೆ ಒರೆಸುವುದೇನು, ತಟ್ಟೆಯ ಅಡಿಗೆ ಅಂಟಿಸಿದ್ದನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುವುದೇನು! (ಚ್ಯೂಯಿಂಗ್ ಗಮ್ ಆದರೆ ಪರವಾಗಿಲ್ಲ, ಅಯಸ್ಕಾಂತ ಅಂಟಿಸಿದವರ ಗತಿ ದೇವರಿಗೇ ಗೊತ್ತು.) ಅಂಥವರು ಅಂದು ಎರಡು ಕೈಯಲ್ಲೂ ತೂಕದ ಕಲ್ಲು ಹಿಡಿದಿದ್ದರಿಂದ ಫೋನಿನ ಗುಂಡಿಯನ್ನು ಮೊಣಕೈಯಲ್ಲಿ ಒತ್ತಿದರು. ಕೂಡಲೇ ಅವರ ತಂಗಿಯ ದನಿ ಇಡೀ ಕಚೇರಿಗೆ ಕೇಳಿಸಿತು.

“ಏನಪ್ಪಾ ಮಡಕೆ, ಚೆನ್ನಾಗಿದೀಯಾ?”

ಗುಮಾಸ್ತ ಕೆಮ್ಮಿದ. ಟೈಪಿಸ್ಟ್ ಕಡತದ ಹಿಂದೆ ಮುಖ ಮುಚ್ಚಿಕೊಂಡಳು. ಸಂಜೆಯೊಳಗೆ ಸುದ್ದಿ ಪೇಟೆಯ ಕೊನೆಯ ಅಂಗಡಿಗೂ ಮುಟ್ಟಿತು. ಮರುದಿನ ತಪಾಸಣೆಗೆ ಹೋದಾಗ ಮೊಳೆ ವ್ಯಾಪಾರಿಯೊಬ್ಬ ಬಹಳ ವಿನಯದಿಂದ, “ಸಾಹೇಬ್ರೇ, ಕುಡಿಯೋಕೆ ನೀರು ಲೋಟದಲ್ಲಿ ಕೊಡ್ಲೋ, ಮಡಕೇಲಿ ಕೊಡ್ಲೋ?” ಎಂದು ಕೇಳಿದ. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಸಾಹೇಬರು ಒಂದು ಅಂಗಡಿಯಿಂದ ತಲೆ ತಗ್ಗಿಸಿಕೊಂಡು ಹೊರಗೆ ಬಂದದ್ದು ಅದೇ ಮೊದಲು.

ಈ ನಾಮಕರಣದ ಪುರಾಣ ಹೀಗಿದೆ. ಅಣ್ಣ ತಂಗಿ ಚಿಕ್ಕವರಿದ್ದಾಗ ಮನೆಯಲ್ಲಿ ಟೀವಿಗೆ ಜೋಡಿಸುವ ವಿಡಿಯೋ ಗೇಮಿನ ಒಂದು ಡಬ್ಬ ಇತ್ತು. ಅದರಲ್ಲೊಬ್ಬ ಕುಂಬಾರ ತಲೆಯ ಮೇಲೆ ಮಡಕೆ ಹೊತ್ತು ತೂಗುಸೇತುವೆ ದಾಟಬೇಕು. “ಟುಯ್” ಎಂದು ಸದ್ದಾದ ಮರುಕ್ಷಣ ಎಡಗಡೆಯಿಂದಲೋ ಬಲಗಡೆಯಿಂದಲೋ ಒಂದು ಕಾಗೆ ನುಗ್ಗಿ ಬರುತ್ತದೆ. ಅದು ಬಂದ ಕಡೆ ನೋಡಿ ಕುಂಬಾರ ಇನ್ನೊಂದು ಕಡೆಗೆ ವಾಲಬೇಕು. (ಯಾವ ದೇಶದ ಕಾಗೆ ಟುಯ್ ಎನ್ನುತ್ತದೋ ಕಾಣೆ.) ತಂಗಿ ಒಂದು ರಜೆಯಲ್ಲಿ ನಲವತ್ತೊಂದು ಸಾವಿರ ಅಂಕ ಗಳಿಸಿದಳು. ಅಣ್ಣನ ಪಾಲಿನ ಮಡಕೆಗಳೆಲ್ಲ ನದಿಯ ಪಾಲಾದವು. ಅಂದು ಹತ್ತಿದ ಹೆಸರು ಅವರಿಗೆ ನಲವತ್ತೆಂಟು ತುಂಬಿದರೂ ಬಿಟ್ಟಿರಲಿಲ್ಲ. ತಂಗಿ ಈಗ ಬಂದರಿನಲ್ಲಿ ಕ್ರೇನ್ ನಡೆಸುತ್ತಾಳೆ. ಎರಡು ಕೈಯಲ್ಲಿ ಎರಡು ಲಿವರ್ ಹಿಡಿದು, ಮನೆಯಷ್ಟು ದೊಡ್ಡ ಪೆಟ್ಟಿಗೆಗಳನ್ನು ಹಡಗಿಗೆ ಇಳಿಸುವುದು ಅವಳ ದಿನದ ಕೆಲಸ.

ಮೊಳೆ ಅಂಗಡಿಯಿಂದ ಬಂದ ಆ ಸಂಜೆ ಸಾಹೇಬರು ತಂಗಿಗೆ ಫೋನ್ ಮಾಡಿದರು.

“ಇನ್ನೊಂದ್ಸಲ ಹಾಗೆ ಕರೆದ್ರೆ ನೋಡು!”

“ಕರೆಯಲ್ಲ ಬಿಡು. ನನ್ನ ಸ್ಕೋರ್ ದಾಟು, ಅವತ್ತಿಂದ ನನ್ನ ಬಾಯಿಗೆ ಬೀಗ. ಇನ್ನು ಮೂರು ವಾರಕ್ಕೆ ಭಾನುವಾರ ರಜಾ ಹಾಕಿ ಬರ್ತೀನಿ. ಆ ಡಬ್ಬ ಇನ್ನೂ ಅಟ್ಟದ ಮೇಲಿದೆ ತಾನೇ?”

“ಇದೆ.”

“ಸೋತ್ರೆ ಮಾತ್ರ ಸಾಯೋವರೆಗೂ ನೀನು ಮಡಕೇನೇ. ಒಪ್ಪಿಗೇನಾ?”

ಸಾಹೇಬರು ಒಪ್ಪಿಬಿಟ್ಟರು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ?

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದ ಹೆಂಡತಿಗೆ ಅವರು ವಿಷಯ ತಿಳಿಸಿದರು.

“ನಾನ್ಯಾಕೆ ಸೋಲ್ತಿದ್ದೆ ಗೊತ್ತಾ? ನಮ್ಮಪ್ಪ ಟೀವಿ ಸೌಂಡ್ ಪೂರ್ತಿ ಕಮ್ಮಿ ಮಾಡಿಡ್ತಿದ್ರು. ಕಾಗೆ ಬರೋದು ಕೇಳಿಸ್ತಾನೇ ಇರ್ಲಿಲ್ಲ.”

“ನಿಮ್ಮ ತಂಗಿಗೂ ಕೇಳಿಸ್ತಿರ್ಲಿಲ್ಲ ಅಲ್ವಾ?”

“ಅವಳಿಗೆ ಕಣ್ಣು ಚುರುಕು. ನನಗೆ ಕಿವಿ ಚುರುಕು. ಎಡಕ್ಕೊಂದು ಬಲಕ್ಕೊಂದು ಒಳ್ಳೇ ಸ್ಪೀಕರ್ ಇಟ್ಟು ನೋಡು, ಆಮೇಲೆ ಹೇಳು.”

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ,” ಎಂದು ಆಕೆ ಹಲ್ಲಿನಲ್ಲೇ ದಾರ ಕಡಿದಳು. “ತನ್ನಿ, ಬೇಡ ಅನ್ನಲ್ಲ. ಆದರೆ ಒಂದು ಜೊತೆ ಶೂ ದುಡ್ಡಲ್ಲಿ ಮುಗೀಬೇಕು. ಅದೂ ನಿಮ್ಮ ಶೂ, ದೊಡ್ಡ ಮನುಷ್ಯರದ್ದಲ್ಲ.”

ಸಾಹೇಬರ ಶೂ ಯಾವ ತರದ್ದೆಂದು ಬಲ್ಲವರಿಗೆ ಈ ಷರತ್ತಿನ ತೂಕ ತಿಳಿಯುತ್ತದೆ. ಹೊಸ ಅಂಗಡಿಗಳಲ್ಲಿ ಆ ದುಡ್ಡಿಗೆ ಸ್ಪೀಕರಿನ ಡಬ್ಬವಷ್ಟೇ ಸಿಗುವಂತಿತ್ತು. ಕೊನೆಗೆ ಅವರು ಹಳೆಯ ಬಸ್ ಡಿಪೋದ ಹಿಂದಿನ ರೇಡಿಯೋ ಮೆಕ್ಯಾನಿಕನ ಗೂಡಂಗಡಿಗೆ ಹೋದರು. ಸಾಹೇಬರನ್ನು ನೋಡಿದ್ದೇ ಮೆಕ್ಯಾನಿಕ್ ಎರಡೂ ಕೈ ಎತ್ತಿ, “ಸಾರ್, ನನ್ನತ್ರ ತಕ್ಕಡೀನೇ ಇಲ್ಲ!” ಎಂದ.

ಸಾಹೇಬರು ಅಭಯವಿತ್ತು, ಚೀಲದಿಂದ ಆಟದ ಡಬ್ಬ ತೆಗೆದು ತೋರಿಸಿದರು. ಮೆಕ್ಯಾನಿಕ್ ಅದನ್ನು ತಿರುಗಿಸಿ ನೋಡಿ ನಕ್ಕ.

“ಇದಕ್ಕೆ ಜೋಡಿ ಸ್ಪೀಕರ್ ಯಾಕೆ ಸಾರ್? ಇದರಲ್ಲಿ ಸೌಂಡು ಬರೋ ತೂತು ಒಂದೇ. ಎಡ ಬೇರೆ, ಬಲ ಬೇರೆ ಅಂತ ಇಲ್ವೇ ಇಲ್ಲ. ಒಂದು ಸಾಕು.”

“ತಕ್ಕಡಿಗೆ ಒಂದೇ ತಟ್ಟೆ ಸಾಕೇನಯ್ಯ?”

ಮೆಕ್ಯಾನಿಕ್ ವಾದ ಮಾಡಲಿಲ್ಲ. ಒಂದು ಬಾಯಿ ಎರಡು ಬಾಲದ ವೈರೊಂದನ್ನು ಹುಡುಕಿ ಕೊಟ್ಟ. ಎರಡು ಸ್ಪೀಕರಿನಲ್ಲೂ ಅದೇ ಸದ್ದು ಬರುತ್ತದೆ ಎಂದ. ಹಳೆಯ ಸ್ಪೀಕರುಗಳಲ್ಲಿ ಯಾವ ಜೋಡಿ ಬೇಕಾದರೂ ಒಯ್ದು, ಹಿಡಿಸದಿದ್ದರೆ ವಾಪಸು ತರಬಹುದೆಂದ. ಸಾಹೇಬರು ಒಂದೊಂದನ್ನೂ ಕೈಯಲ್ಲೆತ್ತಿ ಭಾರ ನೋಡತೊಡಗಿದರು. “ಸಾರ್, ಇದು ಕುಂಬಳಕಾಯಿ ಅಲ್ಲ,” ಎಂದು ಅವನು ಮೆಲ್ಲಗೆ ಗೊಣಗಿದ. ಅದು ಅವರ ಚುರುಕು ಕಿವಿಗೆ ಬೀಳಲಿಲ್ಲ.

ಈಗ ಪರೀಕ್ಷೆಯ ಮಾತು. ಇಲಾಖೆಯಲ್ಲೊಂದು ಕಟ್ಟುನಿಟ್ಟಿನ ನಿಯಮವಿದೆ: ತಟ್ಟೆಗೆ ಕಲ್ಲು ಹಾಕುವವನೇ ಮುಳ್ಳು ನೋಡಕೂಡದು. ಹಾಕುವವನು ಬೇರೆ, ನೋಡುವವನು ಬೇರೆ. ಒಬ್ಬನೇ ಎರಡೂ ಮಾಡಿದರೆ ಅವನ ಮನಸ್ಸು ಮುಳ್ಳನ್ನು ತನಗೆ ಬೇಕಾದ ಕಡೆಗೆ ಎಳೆಯುತ್ತದಂತೆ. ಸಾಹೇಬರು ಈ ನಿಯಮವನ್ನು ಹಾಗೆಯೇ ಮನೆಗೆ ತಂದರು. ಸ್ಪೀಕರು ಕೇಳುವವನು ಆಟ ಆಡಕೂಡದು. ಹಾಗಾದರೆ ಆಡುವವರು ಯಾರು? ಮನೆಯಲ್ಲಿ ಇದ್ದವರೇ ಇಬ್ಬರು.

“ನಲವತ್ತು ಜೊತೆ ಸಮವಸ್ತ್ರ ಬಾಕಿ ಇದೆ ರೀ! ನಾನು ಕಾಗೆ ಓಡಿಸ್ತಾ ಕೂರ್ಲಾ?”

“ದಿನಕ್ಕೆ ಒಂದೇ ಗಂಟೆ ಕಣೇ. ಸಂಜೆ ಆರರಿಂದ ಏಳು. ನೀನು ಗೆಲ್ಲಬೇಕಾಗಿಲ್ಲ, ಸದ್ದು ಬರ್ತಾ ಇದ್ರೆ ಸಾಕು.”

ಆಕೆಯ ಹೊಲಿಗೆ ಟೇಪಿನಿಂದಲೇ ಅಳೆದು ಸಾಹೇಬರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರು ಗುರುತು ಹಾಕಿದರು. ಎರಡು ಸ್ಪೀಕರಿಗೆ, ಒಂದು ತಮ್ಮ ಕುರ್ಚಿಗೆ. ಸ್ಪೀಕರುಗಳು ಸರಿಯಾಗಿ ಕಿವಿಯ ಮಟ್ಟಕ್ಕೆ ಬರಬೇಕೆಂದು ಅವುಗಳ ಅಡಿಗೆ ಹಳೆಯ ಕಡತಗಳನ್ನಿಟ್ಟರು. ಹನ್ನೊಂದು ಕಾಲಮ್ಮಿನ ಒಂದು ನಮೂನೆ ಸಿದ್ಧವಾಯಿತು: ಎಡದ ದನಿ, ಬಲದ ದನಿ, ಗೊರಗೊರ, ಕಂಪನ, ಹೀಗೆ. ಸ್ಕೋರಿಗೆ ಅದರಲ್ಲಿ ಕಾಲಮ್ಮಿರಲಿಲ್ಲ. ಪರೀಕ್ಷೆಯ ವೇಳೆ ಮಾತು ನಿಷಿದ್ಧ. ಹೆಂಡತಿ ಟೀವಿಯ ಪಕ್ಕ ಸ್ಟೂಲಿನ ಮೇಲೆ ಕೂತು ಆಡುವುದು. ಸಾಹೇಬರು ಕಣ್ಣು ಮುಚ್ಚಿ ಕೇಳುವುದು. ಗಂಟೆ ಮುಗಿದಾಗ ಮರದ ಸ್ಕೇಲಿನಿಂದ ಆಕೆಯ ಭುಜ ತಟ್ಟುವುದು.

ಮೊದಲ ಜೋಡಿ ಅಂಗೈಯಗಲದ ಪ್ಲಾಸ್ಟಿಕ್ ಸ್ಪೀಕರುಗಳು. ತಗಡಿನ ಡಬ್ಬದಲ್ಲಿ ನೊಣ ಬಿದ್ದ ಹಾಗೆ ದನಿ. ನಾಲ್ಕು ದಿನ ಕೇಳಿ ವಾಪಸು ಕೊಟ್ಟರು. ಎರಡನೆಯದು ಮುಚ್ಚಿಹೋದ ಯಾವುದೋ ನೃತ್ಯಶಾಲೆಯ ಮರದ ಪೆಟ್ಟಿಗೆಗಳು. ಇಬ್ಬರು ಹೊತ್ತು ತಂದರು. ಕಾಗೆ ಟುಯ್ ಎಂದರೆ ಕಪಾಟಿನ ಗಾಜು ನಡುಗಿ, ಗುಂಡುಸೂಜಿಯ ಡಬ್ಬಿ ಮೇಜಿನಿಂದ ಜಾರಿ ಬಿತ್ತು. ಹೆಂಡತಿ ಸೂಜಿ ಆರಿಸುತ್ತ, “ಕಾಗೇನೋ ವಿಮಾನಾನೋ?” ಎಂದಳು. ಅವೂ ಹೋದವು. ಮೂರನೆಯವು ನೋಡಲು ಚೆಂದ, ಆದರೆ ಆಟ ನಿಂತರೂ ಗುಂಯ್ ಎನ್ನುವುದನ್ನು ನಿಲ್ಲಿಸುತ್ತಿರಲಿಲ್ಲ.

ಎರಡನೆಯ ವಾರದ ಹೊತ್ತಿಗೆ ಹೆಂಡತಿಯಲ್ಲಿ ಬದಲಾವಣೆ ಕಾಣಿಸಿತು. ಐದೂ ಮುಕ್ಕಾಲಿಗೇ ಸ್ಟೂಲು ಎಳೆದುಕೊಂಡು, “ಏನ್ರೀ, ಇವತ್ತು ಪರೀಕ್ಷೆ ಇಲ್ವಾ?” ಎನ್ನತೊಡಗಿದಳು. ಕಾಫಿ ಸಿಗುವುದು ತಡವಾಯಿತು. ಭುಜ ತಟ್ಟಿದರೆ, “ಇರಿ, ಇರಿ, ಇನ್ನೈದು ನಿಮಿಷ. ಎಡದ ಸ್ಪೀಕರ್ ಸರಿಯಾಗಿ ಕೇಳಿದ್ರಾ?” ಎಂದಳು. ಸಾಹೇಬರ ಎದೆ ತುಂಬಿ ಬಂತು. ಗಂಡನ ಮಾನ ಉಳಿಸಲು ಈ ಹೆಂಗಸು ಎಷ್ಟು ಕಷ್ಟಪಡುತ್ತಿದ್ದಾಳಲ್ಲ ಎಂದುಕೊಂಡರು. ಗಂಡಂದಿರು ಹೀಗೆ ತಪ್ಪು ತಿಳಿಯುವುದು ಹೊಸತೇನಲ್ಲ.

ಒಮ್ಮೆ ಆಕೆಯೇ ಕೇಳಿದಳು: “ಅಲ್ರೀ, ನೀವೊಂದು ಕೈ ಆಡಿ ಅಭ್ಯಾಸ ಮಾಡ್ಕೊಳ್ಳಲ್ವಾ?”

“ಮೊದಲು ತಕ್ಕಡಿ ಸರಿ ಇರ್ಬೇಕು, ಆಮೇಲೆ ತೂಕ,” ಎಂದರು ಸಾಹೇಬರು.

ತಕ್ಕಡಿ ಸರಿಯಾದದ್ದು ತಂಗಿ ಬರುವ ಹಿಂದಿನ ದಿನ, ಶನಿವಾರ ಸಂಜೆ. ನಾಲ್ಕನೆಯ ಜೋಡಿ ಮೊಲದ ಗೂಡಿನಷ್ಟು ದೊಡ್ಡವು, ಮರದವು. ಮುಂದಿನ ಬಟ್ಟೆ ಹರಿದಿತ್ತೆಂದು ಮೆಕ್ಯಾನಿಕ್ ಬೆಲೆ ಇಳಿಸಿದ್ದ. ಶೂ ದುಡ್ಡಿನಲ್ಲಿ ಪಾಲಿಶ್ ದುಡ್ಡು ಮಿಕ್ಕಿತು. ಹೆಂಡತಿ ಸಮವಸ್ತ್ರದ ನೀಲಿ ಚೌಕಳಿ ಬಟ್ಟೆಯ ತುಂಡಿನಿಂದ ಹೊಸ ಮುಸುಕು ಹೊಲಿದಳು. ದನಿ ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಂತು. ಸಾಹೇಬರು ಹನ್ನೊಂದೂ ಕಾಲಮ್ಮಿಗೆ ಟಿಕ್ ಹಾಕಿ ಸಹಿ ಮಾಡಿದರು. ಭಾನುವಾರ ಬೆಳಿಗ್ಗೆ ಎದ್ದು ಅಭ್ಯಾಸ ಮಾಡಿದರಾಯಿತು ಎಂದು ಮಲಗಿದರು. ತಂಗಿ ಮೊದಲ ಬಸ್ಸಿಗೇ ಬಂದಿಳಿದಳು.

“ಶುರು ಮಾಡೋಣ್ವಾ ಅಣ್ಣ? ದೊಡ್ಡವನು ನೀನು, ನೀನೇ ಮೊದಲು.”

ಸಾಹೇಬರು ಕುಂಬಾರನನ್ನು ಸೇತುವೆಗೆ ಹತ್ತಿಸಿದರು. ಎರಡು ಸ್ಪೀಕರಿನಿಂದಲೂ ಒಟ್ಟಿಗೆ, ಸ್ಫಟಿಕದಷ್ಟು ಸ್ವಚ್ಛವಾಗಿ “ಟುಯ್” ಕೇಳಿಸಿತು.

“ಬಂತು!” ಎಂದು ಕೂಗಿ ಸಾಹೇಬರು ಎಡಕ್ಕೆ ವಾಲಿದರು. ಕಾಗೆಯೂ ಎಡದಿಂದಲೇ ಬಂತು. ಮಡಕೆ ಒಡೆಯಿತು. ಮತ್ತೆ ಟುಯ್. ಮತ್ತೆ “ಬಂತು!” ಈ ಸಲ ಬಲಕ್ಕೆ ವಾಲಿದರು, ಕಾಗೆ ಬಲದಿಂದ ಬಂತು. ಸದ್ದು ಎರಡು ಕಡೆಯಿಂದಲೂ ಸರಿಸಮನಾಗಿ ಬಂದರೆ ಕಾಗೆ ಯಾವ ಕಡೆಯದೆಂದು ಕಿವಿಗೆ ಗೊತ್ತಾಗುವುದಾದರೂ ಹೇಗೆ? ಮೂರು ಅವಕಾಶ ಮುಗಿದಾಗ ಸ್ಕೋರು ಸಾವಿರದ ಇನ್ನೂರು.

ತಂಗಿ ಕೂತಳು. ಬಂದರಿನ ಕೈ, ಹಿಡಿದದ್ದು ಬೀಳುವ ಮಾತೇ ಇಲ್ಲ. ಮೂವತ್ತೆಂಟು ಸಾವಿರಕ್ಕೆ ನಿಂತು, “ಕೈ ಸ್ವಲ್ಪ ಜಡ್ಡುಗಟ್ಟಿದೆ,” ಎಂದು ನೆಟಿಗೆ ಮುರಿದಳು. ಆಮೇಲೆ ಅಣ್ಣನ ಕಡೆ ತಿರುಗಿ ಬಾಯಿ ತೆರೆದಳು. ಏನು ಹೇಳಲಿದ್ದಾಳೆಂದು ಸಾಹೇಬರಿಗೆ ಗೊತ್ತಿತ್ತು. ಅವರು ಗೋಡೆಯ ಕಡೆ ನೋಡಿದರು.

“ನಾನೊಂದ್ಸಲ ಆಡ್ಲಾ?” ಎಂದು ಅಷ್ಟರಲ್ಲಿ ಹೆಂಡತಿ ಸ್ಟೂಲು ಎಳೆದುಕೊಂಡಳು. ತಲೆಗೂದಲನ್ನು ಒಮ್ಮೆ ಕಿವಿಯ ಮೇಲೆ ಸರಿಮಾಡಿಕೊಂಡು ಕೂತಳು.

ಸೂಜಿಯ ಕಣ್ಣಿಗೆ ಒಂದೇ ಸಲಕ್ಕೆ ದಾರ ಪೋಣಿಸುವ ಕಣ್ಣು, ಯಂತ್ರದ ಸೂಜಿಗೆ ಸಿಗದೆ ಬಟ್ಟೆ ತಳ್ಳುವ ಬೆರಳು. ಕುಂಬಾರ ಗಾಳಿಯಲ್ಲಿ ಹೋದ ಹಾಗೆ ಹೋದ. ನಲವತ್ತೊಂದು ಸಾವಿರ ದಾಟಿತು. ಐವತ್ತು ದಾಟಿತು. ಸೇತುವೆ ಮುಗಿದು, ಅಣ್ಣ ತಂಗಿ ಜನ್ಮದಲ್ಲಿ ಕಂಡಿರದ ಎರಡನೆಯ ಸೇತುವೆ ಬಂತು. ತಂಗಿಯ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಅರವತ್ತೆರಡು ಸಾವಿರಕ್ಕೆ ಆಟ ನಿಂತಿತು.

ಸಾಹೇಬರು ಕುರ್ಚಿಯಿಂದ ಎದ್ದೇ ಬಿಟ್ಟರು. “ನೋಡಿದ್ಯಾ! ನಮ್ಮನೆ ಗೆದ್ದಿತು. ಇನ್ನು ಆ ಹೆಸರು ಎತ್ತೋ ಹಾಗಿಲ್ಲ!”

“ಗೆದ್ದಿದ್ದು ಅತ್ತಿಗೆ, ನೀನಲ್ಲ.”

“ಸ್ಪೀಕರ್ ಆರಿಸಿದ್ದು ನಾನು! ಮೂರು ವಾರ ಕಷ್ಟಪಟ್ಟಿದೀನಿ. ಕಾಗೆ ಬರೋದು ಅಷ್ಟು ಸ್ಪಷ್ಟ ಕೇಳಿಸಿದ್ದಕ್ಕೆ ತಾನೇ ಅವಳು ಗೆದ್ದಿದ್ದು?”

ತಂಗಿಯೂ ನ್ಯಾಯವಂತೆ. ಸ್ವಲ್ಪ ಯೋಚಿಸಿ ಹೇಳಿದಳು: “ಸರಿ. ಸ್ಪೀಕರಿಂದ ಗೆದ್ದೆ ಅಂತ ಅತ್ತಿಗೆ ತಮ್ಮ ಬಾಯಲ್ಲೇ ಹೇಳ್ಲಿ. ಆ ಹೆಸರು ಇವತ್ತಿಗೇ ಬಿಡ್ತೀನಿ.”

“ಹೇಳೇ!” ಎಂದರು ಸಾಹೇಬರು.

ಹೆಂಡತಿ ಟೀವಿಯಲ್ಲಿನ ತನ್ನ ಸ್ಕೋರನ್ನೇ ನೋಡುತ್ತಿದ್ದಳು.

“ಹೇಳೇ ಮಾರಾಯ್ತಿ! ಹೂಂ ಅಂದ್ರೂ ಸಾಕು!”

ಆಕೆ ಮುಗುಳ್ನಗುತ್ತ ಇನ್ನೊಂದು ಆಟಕ್ಕೆ ಗುಂಡಿ ಒತ್ತಲು ಹೊರಟಳು. ಸಾಹೇಬರು ಮರದ ಸ್ಕೇಲು ತಂದು ಭುಜ ತಟ್ಟಿದರು. ಆಕೆ ತಿರುಗಿ, ಇಬ್ಬರ ಮುಖವನ್ನೂ ನೋಡಿ, ಕೂದಲೊಳಗೆ ಬೆರಳಿಟ್ಟು ಎರಡು ಕಿವಿಯಿಂದಲೂ ಒಂದೊಂದು ಉಂಡೆ ಹತ್ತಿ ತೆಗೆದಳು.

“ಏನಂದ್ರಿ?”

ಸಾಹೇಬರು ಸ್ಕೇಲನ್ನು ಕೆಳಗಿಟ್ಟರು. ತಂಗಿಯೇ ಕೇಳಿದಳು: “ಅತ್ತಿಗೆ, ಸ್ಪೀಕರ್ ಚೆನ್ನಾಗಿದ್ದಿದ್ದಕ್ಕೆ ಗೆದ್ರಾ ಅಂತ ಅಣ್ಣ ಕೇಳ್ತಿದ್ದಾನೆ.”

“ಅಯ್ಯೋ, ಆ ಸೌಂಡ್ ಕೇಳ್ಕೊಂಡು ಯಾರಮ್ಮ ಆಡ್ತಾರೆ? ಟುಯ್ ಟುಯ್ ಅಂತ ತಲೆ ತಿನ್ನುತ್ತೆ. ನಾನು ಮೊದಲನೇ ದಿನದಿಂದಲೂ ಹತ್ತಿ ಇಟ್ಕೊಂಡೇ ಆಡಿದ್ದು.” ಗಂಡನ ಮುಖ ನೋಡಿ ಆಕೆಗೆ ಪಾಪ ಎನ್ನಿಸಿತು. “ಯಾಕ್ರೀ, ಏನಾಯ್ತು? ನಾನೇನಾದ್ರೂ ತಪ್ಪು ಹೇಳಿದ್ನಾ?”

“ಇಲ್ಲ ಅತ್ತಿಗೆ, ಸರಿಯಾಗೇ ಹೇಳಿದ್ರಿ,” ಎಂದು ತಂಗಿ ಕಣ್ಣೊರೆಸಿಕೊಂಡಳು. ಅತ್ತು ಬಂದ ನೀರಲ್ಲ ಅದು. “ನನಗೂ ಒಂಚೂರು ಹತ್ತಿ ಕೊಡಿ. ಆ ಎರಡನೇ ಸೇತುವೆ ನಾನೂ ನೋಡ್ಬೇಕು.”

ಅತ್ತಿಗೆ ನಾದಿನಿ ಇಬ್ಬರೂ ಕಿವಿಗೆ ಹತ್ತಿ ತುರುಕಿಕೊಂಡು ಪಕ್ಕಪಕ್ಕದಲ್ಲಿ ಕೂತರು. ಒಬ್ಬರ ಸರದಿ ಮುಗಿಯುವುದೇ ತಡ, ಇನ್ನೊಬ್ಬರು ಶುರು. ಸಾಹೇಬರು ಸೀಮೆಸುಣ್ಣದ ಗುರುತಿನ ಮೇಲಿದ್ದ ಕುರ್ಚಿಯಲ್ಲಿ ಕೂತು ಒಮ್ಮೆ, “ನನಗೂ ಒಂದು ಆಟ ಕೊಡ್ರೇ,” ಎಂದರು. ಸ್ವಲ್ಪ ಹೊತ್ತು ಬಿಟ್ಟು ಜೋರಾಗಿ ಕೇಳಿದರು. ಕೊನೆಗೆ, “ಸೋತೆ ಕಣ್ರಮ್ಮ, ಏನಂತ ಬೇಕಾದ್ರೂ ಕರೀರಿ, ಕಾಫಿನಾದ್ರೂ ಕೊಡಿ,” ಎಂದರು. ಅದಕ್ಕೂ ಉತ್ತರ ಬರಲಿಲ್ಲ. ನೀಲಿ ಚೌಕಳಿಯ ಸ್ಪೀಕರುಗಳು ಮಾತ್ರ ಎಡದಿಂದಲೂ ಬಲದಿಂದಲೂ ಒಂದೇ ತೂಕದಲ್ಲಿ ಟುಯ್ ಟುಯ್ ಎನ್ನುತ್ತಿದ್ದವು.

ಸಾಹೇಬರು ಎದ್ದು ಹೋಗಿ ಸ್ಪೀಕರುಗಳನ್ನು ಬಂದ್ ಮಾಡಿದರು. ಆಡುತ್ತಿದ್ದ ಇಬ್ಬರಲ್ಲಿ ಒಬ್ಬರಿಗೂ ಅದು ಗೊತ್ತಾಗಲಿಲ್ಲ.